ನಾಲ್ಕನೆಯ ದಿನದ ಸ್ನಾನ

ಲೂಪ್ ಹಾಕಿಸಿಕೊಂಡ ತಿಂಗಳು ರಕ್ತ ನಿಲ್ಲಲೇ ಇಲ್ಲ.

ಕೋಗಿಲು ಹಳ್ಳಿಯ ನಮ್ಮ ಮನೆಯಲ್ಲಿ ಮುಟ್ಟಾದವಳು ಮೂರು ದಿನ ಹೊರಗೆ ಜಗಲಿಯಲ್ಲಿ ಕೂತು, ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು ಒಲೆ ಮುಟ್ಟಬೇಕು. ಇನ್ನೂ ಹೋಗುತ್ತಿದೆ ಎಂದರೆ ಅತ್ತೆ ಯಾಕೆ ಎಂದು ಕೇಳುತ್ತಾರೆ. ಗುಟ್ಟು ರಟ್ಟಾಗುತ್ತದೆ. ಮೂರು ಹೆಣ್ಣಾದ ಮೇಲೆ ಗಂಡು ಬೇಕೆಂದು ಅವರು ಹರಕೆ ಹೊತ್ತಿದ್ದರು. ನನಗೆ ಮೂರನೆಯ ಹೆರಿಗೆಯಲ್ಲೇ ಜೀವ ಬಾಯಿಗೆ ಬಂದಿತ್ತು. ಯಜಮಾನರಿಗೆ ಮಾತ್ರ ಹೇಳಿ, ಸಂತೆಯ ನೆಪದಲ್ಲಿ ಯಲಹಂಕದ ಆಸ್ಪತ್ರೆಗೆ ಹೋಗಿ, ಮತ್ತೆ ಬಸಿರಾಗದಂತೆ ಲೂಪ್ ಹಾಕಿಸಿಕೊಂಡಿದ್ದೆ.

ಹಾಗಾಗಿ ಮಿಂದು ಒಳಗೆ ಬಂದೆ. ರಕ್ತ ಹೋಗುತ್ತಲೇ ಮುದ್ದೆ ತಿರುವಿದೆ. ನಾನು ಬಟ್ಟೆ ಒಣಹಾಕುವ ಬೇಲಿಯ ಕಡೆಗೇ ಅತ್ತೆಗೆ ಏನಾದರೊಂದು ಕೆಲಸ ಬೀಳುತ್ತಿತ್ತು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ.

ಅಷ್ಟರಲ್ಲಿ ಜೀಪು ಬಂತು. ಲೂಪ್ ಹಾಕಿಸಿಕೊಂಡವರ ಬಗ್ಗೆ ಸಂಶೋಧನೆ ಮಾಡುತ್ತಿದ್ದ ಮೇಡಂ ಚಾಪೆಯ ಮೇಲೆ ಕೂತು, ಲೂಪಿನ ಹೆಸರೆತ್ತದೆ, ಅತ್ತೆಯ ಎದುರಿಗೇ ಕೇಳಿದರು.

"ಆರೋಗ್ಯ ಹೇಗಿದೆಯಮ್ಮ? ಏನಾದ್ರೂ ತೊಂದ್ರೆ?"

"ಏನೂ ಇಲ್ಲ ಮೇಡಂ."

ಬರೆದುಕೊಂಡು ಎದ್ದರು. ಬಿಳಿಚಿದ ನನ್ನ ಮುಖ ಅವರಿಗೆ ಕಾಣಲಿಲ್ಲವೇ? ಇವರಿಗೆ ಬೇಕಾಗಿರುವುದು ನಾನೋ, ಲೂಪೋ? ಅವತ್ತಿನಿಂದ ಅವರನ್ನೂ ನಂಬಲಾಗಲಿಲ್ಲ.

ಮರುವಾರ ಒಲೆಯ ಮುಂದೆ ಬಿದ್ದೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಲೂಪ್ ತೆಗೆದು, "ಇಷ್ಟು ಬ್ಲೀಡಿಂಗ್ ಆದ್ರೂ ಯಾಕಮ್ಮ ಬರ್ಲಿಲ್ಲ?" ಎಂದು ಗದರಿದರು. ಮಂಚದ ಪಕ್ಕದಲ್ಲಿದ್ದ ಅತ್ತೆ ಎಲ್ಲವನ್ನೂ ಕೇಳಿಸಿಕೊಂಡರು. ಬೈದಿದ್ದರೆ ವಾಸಿಯಿತ್ತು. ಸುಮ್ಮನಿದ್ದಾರೆಂದರೆ ಮನಸ್ಸಿನಲ್ಲಿ ಏನೋ ಇದೆ ಎಂದು ಭಯವಾಯಿತು.

ಮುಂದಿನ ಸಲ ಹೊರಗಾದಾಗ, ನಾಲ್ಕನೆಯ ದಿನ ಸ್ನಾನಕ್ಕೆ ಎದ್ದೆ.

"ಕೂತ್ಕೊ. ನಾನ್ ಯೋಳೋಗಂಟ ಒಲೆ ತಾವ ಬರ್ಬ್ಯಾಡ," ಎಂದರು ಅತ್ತೆ.

ನನ್ನ ಕೈಯ ಅಡುಗೆ ಬೇಡವೆಂದು ಹೀಗೆ ದೂರವಿಡುತ್ತಿದ್ದಾರೆ ಅಂದುಕೊಂಡೆ. ಆದರೆ ತಾವೇ ರಾಗಿಗಂಜಿಗೆ ಬೆಲ್ಲ ಹಾಕಿ ತಂದು ಮುಂದಿಟ್ಟರು. ಸಂಜೆಯೂ ತಂದರು.

ಜೀಪು ಮತ್ತೆ ಬಂತು. ಮೇಡಂ ಅದೇ ಚಾಪೆಯ ಮೇಲೆ ಕೂತು ಅದೇ ಪ್ರಶ್ನೆ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ನಡುವೆ ಬಂದರು.

"ಓದ್ಸಲ ಅವ್ಳು ಯೋಳಿದ್ದು ಸುಳ್ಳು ಕಣವ್ವ, ಒಡ್ದಾಕು. ಅತ್ತೆ ಮುಂದೆ ಕೂರ್ಸಿ ಕೇಳುದ್ರೆ ಯಾವ ಸೊಸೆ ನಿಜ ಯೋಳ್ತಾಳೆ?"

ಹಾಗೆಂದು ಎದ್ದು, ಇಬ್ಬರನ್ನೇ ಬಿಟ್ಟು, ಹಿತ್ತಿಲಿಗೆ ಹೋದರು.

ಹರಕೆಯ ಮಾತನ್ನು ಅವರಿನ್ನೂ ಎತ್ತಿಲ್ಲ. ನಾಳೆ ಎತ್ತಿದರೂ ಎತ್ತಿಯಾರು. ಅವತ್ತು ಮಾತ್ರ ಮೇಡಂಗೆ ಎಲ್ಲವನ್ನೂ ಹೇಳಿದೆ, ಹೇಳುತ್ತಾ ಅತ್ತುಬಿಟ್ಟೆ.