ಸೋಮವಾರದ ಸೀಸೆಗಳು

ನನ್ನ ಕೈ ಕೊಳಕು ಎಂದು ಒಬ್ಬ ದೊಡ್ಡ ಡಾಕ್ಟರು ಹೇಳಿದ್ದನ್ನು ನಾನು ಇಂದಿಗೂ ಮರೆತಿಲ್ಲ. ಮರೆಯುವ ಜಾಯಮಾನವೂ ನನ್ನದಲ್ಲ.

ಆಗ ಯುದ್ಧದ ಕಾಲ. ಹೊಳೆನರಸೀಪುರದ ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ನಾನು ನರ್ಸು. ಅಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನವರು, ತಲೆಗೆ ಏನಾದರೂ ಹೊಕ್ಕರೆ ಊಟ ನಿದ್ದೆ ಬಿಡುವ ಪೈಕಿ. ಆಗ ಅವರ ತಲೆಗೆ ಹೊಕ್ಕಿದ್ದು ರಕ್ತ. ಜ್ವರವಿಲ್ಲದ, ಗಟ್ಟಿಮುಟ್ಟಾದ ಮನುಷ್ಯನ ರಕ್ತದಲ್ಲೂ ಬ್ಯಾಕ್ಟೀರಿಯಾಗಳು ಸುಮ್ಮನೆ ಸಂಸಾರ ಹೂಡಿಕೊಂಡಿರುತ್ತವೆ ಎಂಬುದು ಅವರ ವಾದ. ಅರಕಲಗೂಡು, ಚನ್ನರಾಯಪಟ್ಟಣದ ಕಡೆಯಿಂದ ರೋಗಿಗಳ ಜೊತೆಗೆ ಬಂದವರನ್ನು ಪುಸಲಾಯಿಸಿ ಕೂರಿಸಿ, ಮೊಣಕೈ ಒಳಭಾಗದಿಂದ ಒಂದಿಷ್ಟು ರಕ್ತ ತೆಗೆದು, ಮಾಂಸದ ತಿಳಿಸಾರಿನ ಸೀಸೆಗೆ ಬಿಟ್ಟು ಬೆಚ್ಚಗಿನ ಬೀರುವಿನಲ್ಲಿಡುವುದು ನನ್ನ ಕೆಲಸ. ತಿಳಿ ಕದಡಿದರೆ ಬ್ಯಾಕ್ಟೀರಿಯಾ ಬೆಳೆದಿದೆ ಎಂದರ್ಥ. ಸಾರು ಕುದಿಸುವವಳೂ ನಾನೇ. ನಮ್ಮದು ಅರಕಲಗೂಡಿನ ಶಿವಭಕ್ತರ ಮನೆ. ಮಾಂಸದಂಗಡಿಯ ಮುಂದೆ ಮೂಗು ಮುಚ್ಚಿಕೊಂಡು ನಡೆಯುವವರು. ನಾನು ಏನು ಬೇಯಿಸುತ್ತಿದ್ದೇನೆಂದು ನಮ್ಮಮ್ಮನಿಗೆ ಕೊನೆಯವರೆಗೂ ಹೇಳಲಿಲ್ಲ.

ಸೀಸೆಗಳಲ್ಲಿ ಅರ್ಧಕ್ಕರ್ಧ ಕದಡಿದವು. ಮೇಲೆ ಹಾಲಿನ ಕೆನೆಯಂಥ ಪದರ. ನಮ್ಮ ಡಾಕ್ಟರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ತಮಗೆ ಪಾಠ ಹೇಳಿದ್ದ ಹಿರಿಯ ಡಾಕ್ಟರನ್ನು ಹಾಸನದಿಂದ ಕರೆಸಿ ತೋರಿಸಿದರು. ಹಿರಿಯರು ಸೀಸೆಯನ್ನು ಬೆಳಕಿಗೆ ಹಿಡಿದು, ಆರೋಗ್ಯವಂತರ ರಕ್ತ ಶುದ್ಧವಾಗಿಯೇ ಇರುತ್ತದೆ, ಈ ಕೊಳೆ ಹೊರಗಿನಿಂದ ಬಂದದ್ದು ಎಂದರು. ಆಮೇಲೆ ನನ್ನ ಕಡೆ ತಿರುಗಿ, ಶಾಲೆಯ ಹುಡುಗಿಗೆ ಮಾಡಿಸುವಂತೆ ಎರಡೂ ಕೈ ಚಾಚಿಸಿ ಉಗುರು ನೋಡಿದರು.

“ಮೊದಲು ಕೈ ತೊಳೆದುಕೊಂಡು ಬಾರಮ್ಮ,” ಎಂದರು.

ವಾರ್ಡಿನವರೆಲ್ಲ ನೋಡುತ್ತಿದ್ದರು. ಅವಮಾನದಿಂದ ನನ್ನ ಕಿವಿ ಕಾದವು. ತಾವು ಮತ್ತೆ ಬರುವಾಗಲೂ ಹೀಗೇ ಇದ್ದರೆ ಈಕೆಯನ್ನು ಕೆಲಸದಿಂದ ಬಿಡಿಸಿ ಎಂದೂ ಹೇಳಿ ಹೋದರು. ಇಬ್ಬರು ಡಾಕ್ಟರ ವಾದ ಕೊನೆಗೆ ಬಂದು ನಿಂತದ್ದು ಇಷ್ಟಕ್ಕೆ: ಜನರ ರಕ್ತ ಕೊಳಕೋ, ನನ್ನ ಕೈ ಕೊಳಕೋ. ಎರಡನ್ನೂ ಒಪ್ಪುವವಳಲ್ಲ ನಾನು.

ಪ್ರತಿ ಸೀಸೆಗೂ ಹೆಸರು, ವಾರ ಬರೆದ ಚೀಟಿ ಅಂಟಿಸಿದ್ದೆ. ಬೀರುವಿನ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಓದಿದೆ. ಕದಡಿದ್ದರಲ್ಲಿ ಹೆಚ್ಚಿನವು ಸೋಮವಾರದವು. ರಕ್ತಕ್ಕೆ ವಾರ ಗೊತ್ತೇ? ರಕ್ತಕ್ಕೆ ಗೊತ್ತಿಲ್ಲ, ನಮ್ಮ ಜನಕ್ಕೆ ಗೊತ್ತು. ಸೋಮವಾರ ಶಿವನ ದಿನ. ಅಂದು ಮಿಂದು ಪೂಜೆ ಮಾಡಿ, ಹಣೆಗಷ್ಟೇ ಅಲ್ಲ, ತೋಳಿಗೂ ಮೊಣಕೈಗೂ ಮೂರು ಬೆರಳಲ್ಲಿ ವಿಭೂತಿ ಎಳೆದುಕೊಂಡೇ ಮನೆ ಬಿಡುತ್ತಾರೆ. ಅದನ್ನು ಅಳಿಸಲು ನನಗೆ ಮನಸ್ಸು ಬರುತ್ತಿರಲಿಲ್ಲ. ಯುದ್ಧದಿಂದ ಸ್ಪಿರಿಟ್ಟಿಗೂ ಬರ. ಹಾಗಾಗಿ ಪಟ್ಟೆಗಳ ನಡುವೆ ಕಾಸಿನಗಲ ಜಾಗ ಒರೆಸಿ ಸೂಜಿ ಚುಚ್ಚುತ್ತಿದ್ದೆ. ರಕ್ತನಾಳ ಹುಡುಕುವ ಹೆಬ್ಬೆರಳು ಮಾತ್ರ ವಿಭೂತಿಯ ಮೇಲೇ ಓಡಾಡುತ್ತಿತ್ತು. ಅಂದರೆ ನನ್ನ ಕೈಯದೂ ಒಂದಿಷ್ಟು ತಪ್ಪಿತ್ತು. ಅದನ್ನು ಆಗ ಯಾರಿಗೂ ಹೇಳಲಿಲ್ಲ.

ಹಿರಿಯರು ಮತ್ತೆ ಬರುವ ವಾರದ ಸೋಮವಾರ, ಅರಕಲಗೂಡಿನಿಂದ ಹೆಂಡತಿಯನ್ನು ತೋರಿಸಲು ಬಂದಿದ್ದ ಹೊಗೆಸೊಪ್ಪಿನ ರೈತನೊಬ್ಬನನ್ನು ಹಿಡಿದೆ. ಎರಡೂ ತೋಳಿಗೆ ದಟ್ಟ ವಿಭೂತಿ. ಸೋಪು ಹಾಕಿ ತೊಳೆಯುತ್ತೇನೆಂದಾಗ ಕೈ ಹಿಂದಕ್ಕೆಳೆದುಕೊಂಡ. ನಾನೂ ಅವನ ಊರಿನವಳೇ ಎಂದು ಗುರುತು ಹೇಳಿ, ನನ್ನ ಕೆಲಸಕ್ಕೆ ಕುತ್ತು ಬಂದಿರುವುದನ್ನೂ ಹೇಳಿದೆ. ಕೊನೆಗೆ ಎಡಗೈ ಚಾಚಿದ.

“ತಗ, ಒಂದ್ ಕೈ ನಿಂಗೆ, ಇನ್ನೊಂದ್ ಕೈ ಸಿವಂಗೆ ಕಣವ್ವ.”

ನನಗೆ ಬೇಕಾಗಿದ್ದೂ ಅದೇ. ಎಡಗೈಯನ್ನು ಸೋಪಿನಲ್ಲಿ ಉಜ್ಜಿ, ಇದ್ದಬದ್ದ ಸ್ಪಿರಿಟ್ಟನ್ನೆಲ್ಲ ಸುರಿದು ರಕ್ತ ತೆಗೆದೆ. ಬಲಗೈಯಿಂದ ಬೇರೆ ಸಿರಿಂಜಿನಲ್ಲಿ, ಎಂದಿನಂತೆ ಪಟ್ಟೆಗಳ ನಡುವಿನಿಂದ. ಮೂರನೆಯ ಸೀಸೆಗೆ ರಕ್ತವೇ ಇಲ್ಲ, ಬರೀ ಅವನ ಬಲತೋಳಿನಿಂದ ಉದುರಿಸಿಕೊಂಡ ಒಂದು ಚಿಟಿಕೆ ವಿಭೂತಿ. ಮುಂದಿನ ಮೂರು ದಿನ ಬೀರುವಿನ ಬಾಗಿಲು ಎಷ್ಟು ಸಲ ತೆಗೆದೆನೋ ಲೆಕ್ಕವಿಲ್ಲ.

ಹಿರಿಯರು ಬಂದರು. ಮೂರು ಸೀಸೆಗಳನ್ನೂ ಮೇಜಿನ ಮೇಲಿಟ್ಟು ನಡೆದದ್ದನ್ನು ಹೇಳಿದೆ. ಎಡಗೈಯದು ತಿಳಿ. ಬಲಗೈಯದು ಕದಡಿ ಕೆನೆಗಟ್ಟಿತ್ತು. ವಿಭೂತಿಯ ಸೀಸೆಯಲ್ಲೂ ಅದೇ ಕೆನೆ, ಇನ್ನೂ ದಪ್ಪ. ನಮ್ಮ ಡಾಕ್ಟರು ಸೂಕ್ಷ್ಮದರ್ಶಕದಲ್ಲಿ ನೋಡಿ, ಎರಡರಲ್ಲೂ ಕಡ್ಡಿಯಂಥ ಒಂದೇ ಬಗೆಯ ಬ್ಯಾಕ್ಟೀರಿಯಾ ಇದೆ ಎಂದು ಪ್ರಾಮಾಣಿಕವಾಗಿ ಹೇಳಿದರು. ಅವರ ವಾದ ಅಲ್ಲಿಗೆ ಮುಗಿಯಿತು, ಪಾಪ.

“ಒಬ್ಬುನ್ ಮೈಲಿ ಎಲ್ಡು ತರದ್ ರಕ್ತ ಅರೀತದಾ ಸಾ?” ಎಂದು ಕೇಳಿದೆ.

ಡಾಕ್ಟರುಗಳ ಮುಂದೆ ಅಷ್ಟು ಗಟ್ಟಿಯಾಗಿ ನಾನೆಂದೂ ಮಾತಾಡಿರಲಿಲ್ಲ. ಎದೆ ಉಬ್ಬಿ ಬಂದಿತ್ತು. ಜನರ ರಕ್ತವೂ ಗೆದ್ದಿತ್ತು, ನಾನೂ ಗೆದ್ದಿದ್ದೆ. ವಿಭೂತಿಗೇನೂ ದೋಷವಿಲ್ಲ, ಸುಟ್ಟ ಬೂದಿಗೂ ಆಮೇಲೆ ಹತ್ತು ಕೈ, ಮನೆಯ ಧೂಳು ಮೆತ್ತುತ್ತದೆ, ಅದು ಸೂಜಿಯ ದಾರಿಗೆ ಬರಬಾರದು ಅಷ್ಟೇ ಎಂದೆ. ನನ್ನ ಹೆಬ್ಬೆರಳಿನ ಸಂಗತಿಯನ್ನೂ ಆಗಲೇ ಒಪ್ಪಿಕೊಂಡೆ. ಗೆದ್ದ ಮೇಲೆ ತಪ್ಪೊಪ್ಪಿಕೊಳ್ಳುವುದು ಬಲು ಸುಲಭ.

ಹಿರಿಯರು ಮೂರು ಸೀಸೆಗಳನ್ನೂ ಮತ್ತೊಮ್ಮೆ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಕೋಟು ಬಿಚ್ಚಿ, ಅಂಗಿಯ ತೋಳು ಮಡಿಸಿ, ನನ್ನ ಮುಂದಿನ ಸ್ಟೂಲಿನ ಮೇಲೆ ಕೂತು, ತಮ್ಮ ರಕ್ತವನ್ನೂ ತೆಗೆಯುವಂತೆ ಹೇಳಿದರು. ಸೋಮವಾರವಲ್ಲದಿದ್ದರೂ ಮೊಣಕೈ ಮೇಲೆ ಬೆಳಗಿನ ಪೂಜೆಯ ಮೂರು ಪಟ್ಟೆ ವಿಭೂತಿ ಬೆಳ್ಳಗೆ ಎದ್ದು ಕಾಣುತ್ತಿತ್ತು. ವಾರ್ಡಿನವರೆಲ್ಲ ನೋಡುತ್ತಿದ್ದರು. ನಾನು ಸೂಜಿ ಮುಟ್ಟಲಿಲ್ಲ. ಸೋಪಿನ ಬಿಲ್ಲೆ ತೆಗೆದು ಅವರ ಅಂಗೈಗಿಟ್ಟೆ.

“ಮೊದ್ಲು ಕೈ ತೊಳ್ಕಂಡ್ ಬನ್ನಿ ಸಾ.”

ಅವರು ಎದ್ದು ಹೋಗಿ, ಬಾಗಿಲ ಬಳಿಯ ಹಂಡೆಯಿಂದ ತಾವೇ ನೀರು ಮೊಗೆದು, ಮೊಣಕೈವರೆಗೂ ಉಜ್ಜಿ ತೊಳೆದುಕೊಂಡು ಬಂದು, ನನ್ನ ಕೈಗೆ ತೋಳು ಕೊಟ್ಟರು.