ಎಡಗೈಯ ಲಿಂಗ, ಬುಧವಾರದ ಫೋನು

ಕಾರ್ತಿಕದ ಎರಡನೇ ಸೋಮವಾರ ಬೆಳಿಗ್ಗೆ ಪೂಜೆಗೆ ಕೂತಿದ್ದಾಗ ನನ್ನ ಎಡಗೈಯಿಂದ ಇಷ್ಟಲಿಂಗ ಜಾರಿ ನೆಲಕ್ಕೆ ಬಿತ್ತು. ಎತ್ತಿಕೊಳ್ಳೋಣವೆಂದು ಬಾಗಿದರೆ ನಾನೇ ಎಡಮಗ್ಗುಲಿಗೆ ಉರುಳಿದೆ. ಬಾಯಿ ಸೊಟ್ಟಗಾಗಿ ಕೂಗು ಹೊರಡಲಿಲ್ಲ. ಹುಳಿಯಾರಿನಲ್ಲಿ ನಮ್ಮದು ಹಿಟ್ಟಿನ ಗಿರಣಿ, ಮನೆಯ ಮುಂಭಾಗದಲ್ಲೇ. ಅದರ ಸದ್ದಿನಲ್ಲಿ ನಮ್ಮ ಯಜಮಾನರಿಗೆ ನಾನು ಬಿದ್ದದ್ದು ಕೇಳಲಿಲ್ಲ. ಮಗಳು ಶೈಲಾ ಕಾಲೇಜಿಗೆ ಹೊರಡುವಾಗ ಹೇಳಿಹೋಗಲು ಒಳಗೆ ಬಂದು ನೋಡಿದಳು. ನನಗಾಗ ನಲವತ್ತೆಂಟು. ನಮ್ಮ ಬೀದಿಯ ಮನೆಗಳಿಗೆ ಮೊಬೈಲು ಆಗಷ್ಟೇ ಬರುತ್ತಿದ್ದ ಕಾಲ.

ಶರಣ ಬಂಧುಗಳೇ, ನಾವು ಲಿಂಗ ಕಟ್ಟಿಕೊಂಡವರು. ಕೊರಳಿನ ಲಿಂಗವನ್ನು ದಿನಾ ಎಡ ಅಂಗೈ ಮೇಲಿಟ್ಟುಕೊಂಡು, ಬಲಗೈಯಿಂದ ವಿಭೂತಿ, ಪತ್ರೆ ಏರಿಸಿದ ಮೇಲೆಯೇ ನಮಗೆ ತುತ್ತು. ಮದುವೆಯಾಗಿ ಬಂದಾಗಿನಿಂದ ಒಂದು ದಿನವೂ ತಪ್ಪಿಸಿದವಳಲ್ಲ ನಾನು. ಹಾಗಿರುವಾಗ ಲಿಂಗವೇ ಕೈಬಿಟ್ಟಿತಲ್ಲ ಎಂಬ ಸಂಕಟ, ಕೈಕಾಲು ಬಿದ್ದುಹೋದ ಸಂಕಟಕ್ಕಿಂತ ದೊಡ್ಡದಾಗಿತ್ತು.

ಪಕ್ಕದ ಮನೆಯವರ ವ್ಯಾನಿನಲ್ಲಿ ತುಮಕೂರಿಗೆ, ಅಲ್ಲಿಂದ ಬೆಂಗಳೂರಿನ ದೊಡ್ಡಾಸ್ಪತ್ರೆಗೆ. ಲಕ್ವ, ತಲೆಯಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು. ಮೂರು ವಾರದ ಮೇಲೆ ಬಿಟ್ಟರು. ಚಿಕ್ಕನಾಯಕನಹಳ್ಳಿಯಲ್ಲಿ ಬಸ್ಸು ಬದಲಾಯಿಸುವಾಗ ಯಜಮಾನರು ನನ್ನನ್ನು ಮಗುವಿನಂತೆ ಎತ್ತಿಕೊಂಡು ಇಳಿಸಿದರು. ಬಸ್‌ಸ್ಟ್ಯಾಂಡಿನ ಜನವೆಲ್ಲ ನೋಡುತ್ತಿದ್ದರು. ಸೆರಗಿನಿಂದ ಮುಖ ಮುಚ್ಚಿಕೊಳ್ಳೋಣವೆಂದರೆ ಸೆರಗಿದ್ದದ್ದು ಎಡಗಡೆ.

ಮನೆಗೆ ಬಂದ ನಾದಿನಿ ಬಾಗಿಲಲ್ಲೇ ನಿಂತು, “ಲಿಂಗ ನೆಲಕ್ಕೆ ಬಿದ್ಮೇಲೆ ಇನ್ನೇನೈತೆ ಕಣೇ, ಎಲ್ಲಾ ಹೋಯ್ತು,” ಎಂದರು. ಮಠದ ಅಯ್ಯನವರನ್ನು ಕರೆಸಿದೆವು. ಅವರು ಲಿಂಗಕ್ಕೆ ಮಜ್ಜನ ಮಾಡಿಸಿ, ಮಂತ್ರ ಹೇಳಿ, ಮತ್ತೆ ನನ್ನ ಕೊರಳಿಗೆ ಕಟ್ಟಿದರು. “ಬಿದ್ದಿರೋದು ನಿನ್ ಮೈ ಕಣಮ್ಮ, ಲಿಂಗ ಅಲ್ಲ. ಸುಮ್ಕೆ ಕೊರಗಬ್ಯಾಡ,” ಎಂದರು. ಕೇಳಿದಾಗ ಹೌದೆನಿಸಿತು. ಅವರು ಹೊರಟುಹೋದ ಮೇಲೆ ಮತ್ತೆ ಅಳು.

ಕೋಲು ಹಿಡಿದು ನಡುಮನೆಯಷ್ಟು ನಡೆಯುತ್ತಿದ್ದೆ. ಎಡಗೈ ಮಾತ್ರ ಮುಷ್ಟಿಯಾಗಿ ಎದೆಗೆ ಅಂಟಿಕೊಂಡಿತ್ತು. ಯಜಮಾನರು ದಿನಾ ಬೆಳಿಗ್ಗೆ ಆ ಮುಷ್ಟಿಯನ್ನು ಒಂದೊಂದೇ ಬೆರಳಾಗಿ ಬಿಡಿಸಿ, ಕೆಳಗೆ ತಮ್ಮ ಅಂಗೈಯನ್ನೇ ಪೀಠವಾಗಿಟ್ಟು, ಲಿಂಗ ಕೂರಿಸುತ್ತಿದ್ದರು. ನಾನು ಬಲಗೈಯಿಂದ ವಿಭೂತಿ ಹಚ್ಚುವುದು, ಅಷ್ಟೇ. ಆಮೇಲೆ ತಲೆ ಬಾಚುವುದೂ ಅವರೇ, ಸೀರೆ ಸುತ್ತುವುದೂ ಅವರೇ. ಬಲಗೈ ಚೆನ್ನಾಗಿದ್ದರೂ ತುತ್ತು ಕೂಡ ಅವರೇ ಇಡುತ್ತಿದ್ದರು, ನಾನು ಬಾಯಿ ತೆರೆಯುತ್ತಿದ್ದೆ. ಗಿರಣಿ ನಿಂತರೂ ಗಿರಿಜಮ್ಮನ ಬಾಯಿ ನಿಲ್ಲದು ಎಂದು ಊರವರು ಆಡಿಕೊಳ್ಳುತ್ತಿದ್ದ ಬಾಯಿಗೆ ಅದೊಂದೇ ಕೆಲಸ ಉಳಿದಿತ್ತು. ದಿನಾ ಶಿವನನ್ನು ಒಂದೇ ಕೇಳುತ್ತಿದ್ದೆ: ನನ್ನ ಎಡಗೈ ನನಗೆ ಕೊಡು, ಇಲ್ಲವೇ ನನ್ನನ್ನು ಕರೆದುಕೋ.

ಆಸ್ಪತ್ರೆಯಲ್ಲಿ ಗ್ರೇಸಿ ಮೇಡಂ ಎಂಬ ಥೆರಪಿಸ್ಟ್ ಇದ್ದರು. ಮಂಗಳೂರು ಕಡೆಯವರು, ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬೇಕು. ಲಕ್ವ ಹೊಡೆದವರಿಗೆ ಉಣ್ಣುವುದು, ಉಡುವುದು, ಮನೆಗೆಲಸವನ್ನು ಮತ್ತೆ ತಾವೇ ಮಾಡಿಕೊಳ್ಳಲು ಕಲಿಸುವುದು ಅವರ ಕೆಲಸ. ವಾರವಾರ ಬಸ್ಸಿನಲ್ಲಿ ಬರಲು ನನಗಾಗದೆಂದು, ಪ್ರತಿ ಬುಧವಾರ ಹನ್ನೊಂದಕ್ಕೆ ತಾವೇ ಫೋನು ಮಾಡುತ್ತೇನೆ ಎಂದಿದ್ದರು. ಫೋನಿನಲ್ಲಿ ಚಿಕಿತ್ಸೆಯಂತೆ, ಫೋನಿನಲ್ಲಿ ಊಟ ಬಡಿಸಿದ ಹಾಗೆ ಎಂದು ನಾನು ನಕ್ಕಿದ್ದೆ.

ಅವರು ಹೀಗೆ ಮಾಡಿ, ಹಾಗೆ ಮಾಡಿ ಎಂದು ಹೇಳುತ್ತಿರಲಿಲ್ಲ. “ಈ ವಾರ ಯಾವ ಕೆಲಸ ನೀವೇ ಮಾಡುದು, ನೀವೇ ಹೇಳಿ,” ಎನ್ನುತ್ತಿದ್ದರು. ಶೈಲಾ ಅದನ್ನು ನೋಟ್‌ಬುಕ್ಕಿನಲ್ಲಿ ಬರೆಯುವಳು. ಮುಂದಿನ ಬುಧವಾರ ಆಯಿತೇ, ಆಗದಿದ್ದರೆ ಎಲ್ಲಿ ಕೆಟ್ಟಿತು, ಇನ್ನು ಹೇಗೆ ಮಾಡೋಣ ಎಂದು ನನ್ನಿಂದಲೇ ಹೇಳಿಸುವರು. ನಾನು ನಾಲ್ಕು ವಾರ ಹಸಿ ಸುಳ್ಳು ಹೇಳಿದೆ. ತಲೆ ಬಾಚಿಕೊಂಡೆ, ಸೆರಗಿಗೆ ಪಿನ್ನು ಹಾಕಿಕೊಂಡೆ, ಎಲ್ಲ ಆಯಿತು. ಫೋನಿಗೆ ಕಣ್ಣಿದೆಯೇ?

ಐದನೇ ಬುಧವಾರ ಮೇಡಂ, “ಫೋನು ಸ್ಪೀಕರಿಗೆ ಹಾಕಿ ಹತ್ತಿರ ಇಡಿ. ಈಗಲೇ ಪಿನ್ನು ಹಾಕಿ ನೋಡುವ,” ಎಂದರು. ನಾನು ಕಣ್ಸನ್ನೆ ಮಾಡಿದೆ. ಯಜಮಾನರು ಸದ್ದಿಲ್ಲದೆ ಬಂದು ಸೆರಗು ಹಿಡಿದರು. ಆದರೆ ಅವರ ನಾಲಿಗೆ ಸುಮ್ಮನಿರಬೇಕಲ್ಲ. “ಅಲ್ಲಾಡ್ಬ್ಯಾಡ ಕಣೇ, ಚುಚ್ಕೊಂಡಾತು!” ಎಂದುಬಿಟ್ಟರು.

ಮೇಡಂಗೆ ಎಲ್ಲ ತಿಳಿದುಹೋಯಿತು. ಬೈಯುತ್ತಾರೆ ಎಂದುಕೊಂಡೆ. “ಗಿರಿಜಮ್ಮ, ಪಿನ್ನು ಬಿಡಿ. ನಿಮಗೆ ನಿಜವಾಗಿ ಬೇಕಾದ ಕೆಲಸ ಯಾವುದು?” ಎಂದು ಮೆಲ್ಲಗೆ ಕೇಳಿದರು. ನನಗೆ ಅಳು ಒತ್ತರಿಸಿ ಬಂತು. ಲಿಂಗಪೂಜೆ ಎಂದೆ.

“ನನಗೆ ಅದು ಗೊತ್ತಿಲ್ಲ. ಮೊದಲಿನಿಂದ ಹೇಳಿ,” ಎಂದರು. ಎಷ್ಟು ಎತ್ತರದ ಮಣೆ, ಲಿಂಗ ಎಷ್ಟು ಭಾರ, ಎಷ್ಟು ಹೊತ್ತು ಹಿಡಿಯಬೇಕು, ಬೆರಳು ಯಾವುದು ಮೊದಲು ಮಡಚುತ್ತದೆ, ಒಂದನ್ನೂ ಬಿಡದೆ ಕೇಳಿದರು. ಅಷ್ಟು ಶ್ರದ್ಧೆಯಿಂದ ನಮ್ಮ ಪೂಜೆಯ ವಿಚಾರ ನಮ್ಮವರೇ ಯಾರೂ ಕೇಳಿರಲಿಲ್ಲ. ಆಮೇಲೆ ಇಬ್ಬರೂ ಸೇರಿ ದಾರಿ ಹುಡುಕಿದೆವು. ಗೋಡೆಗೆ ಒರಗಿ ಕೂರುವುದು. ತೊಡೆಯ ಮೇಲೆ ಹಲಗೆ, ಅದರ ಮೇಲೆ ಮಡಚಿದ ಟವೆಲು. ಬೆರಳನ್ನು ಎಳೆಯಬಾರದು, ಬಲಗೈಯಿಂದ ಮೊದಲು ಮಣಿಕಟ್ಟನ್ನು ಕೆಳಕ್ಕೆ ಬಗ್ಗಿಸಿದರೆ ಬೆರಳು ತಾವೇ ಸಡಿಲವಾಗುತ್ತವೆ, ಹೆಬ್ಬೆರಳು ಕೊನೆಗೆ. ಲಿಂಗ ಇಡುವ ಮುನ್ನ ಬೇರೆ ಏನನ್ನಾದರೂ ಇಟ್ಟು ರೂಢಿಯಾಗಲಿ ಎಂದರು. ಹಿತ್ತಲಿನ ತೆಂಗಿನಡಿ ಉದುರುವ ಎಳೆಮಿಡಿಗಳು ನೆನಪಾದವು, ನಿಂಬೆಹಣ್ಣಿನಷ್ಟು ದಪ್ಪ.

“ಒಂದು ಮಾತುಂಟು,” ಎಂದರು ಮೇಡಂ. “ಯಜಮಾನರ ಕೈ ಕೆಳಗೆ ಇರಬಾರದು.”

ನನಗೆ ರೇಗಿತು. “ಎಲ್ಲಾ ಹೋಗಿ ಅದೊಂದು ಉಳ್ದೈತೆ ನಂಗೆ. ಅದನ್ನೂ ಕಿತ್ಕೊಂತೀರಾ? ನಿಮ್ಗೇನ್ರೀ ಗೊತ್ತು ಗಂಡ ಹೆಂಡ್ತಿ ವಿಷ್ಯ!” ಎಂದು ಫೋನು ಕುಕ್ಕಿದೆ. ಎರಡು ಬುಧವಾರ ಅದು ಬಡಿದುಕೊಂಡು ಸುಮ್ಮನಾಯಿತು. ಮೂರನೆಯ ಬುಧವಾರ ಯಜಮಾನರೇ ಎತ್ತಿದರು. “ಮಾಡ್ತಾಳೆ ಮೇಡಂ, ಬೇಜಾರ್ ಮಾಡ್ಕೋಬ್ಯಾಡಿ,” ಎಂದವರು ನನ್ನ ಎದುರು ಬಂದು ಕೂತು, ತಮ್ಮೆರಡು ಕೈಯನ್ನೂ ತೊಡೆಯ ಕೆಳಗೆ ಅದುಮಿಟ್ಟುಕೊಂಡರು. “ಇಲ್ದಿದ್ರೆ ಇವು ಸುಮ್ಕಿರಾಕಿಲ್ಲ ಕಣೇ,” ಎಂದರು.

ಮಿಡಿ ಉರುಳಿಹೋಗುತ್ತಿತ್ತು. ಮತ್ತೆ ಇಟ್ಟರೆ ಮತ್ತೆ ಉರುಳುತ್ತಿತ್ತು. ಒಮ್ಮೆ ಸಿಟ್ಟಿನಲ್ಲಿ ಅದನ್ನು ಗೋಡೆಗೆ ಎಸೆದೆ. ಅವರು ಎದ್ದುಹೋಗಿ ತಂದಿಟ್ಟು, ಮತ್ತೆ ಕೈ ಮೇಲೆ ಕೂತರು. ನಾನು ಒದ್ದಾಡುವಾಗ ಅವರ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಒರೆಸಿಕೊಳ್ಳಲು ಸಹ ಕೈ ಹೊರಗೆ ತೆಗೆಯಲಿಲ್ಲ. ಬುಧವಾರಗಳು ಕಳೆದವು. ಅಷ್ಟರಲ್ಲಿ ತಲೆ ನಾನೇ ಬಾಚಿಕೊಂಡೆ, ಪಿನ್ನೂ ಹಾಕಿಕೊಂಡೆ, ಈ ಸಲ ಸುಳ್ಳಲ್ಲ. ಶಿವರಾತ್ರಿಯ ಬೆಳಿಗ್ಗೆ ಟವೆಲಿನ ಮೇಲೆ ಬಿಡಿಸಿಟ್ಟ ಅಂಗೈಯಲ್ಲಿ ಲಿಂಗ ಕೂತಿತು. ಕೈ ನಡುಗಿತು, ಲಿಂಗ ಜಾರಲಿಲ್ಲ. ಪತ್ರೆ ಏರಿಸಿದೆ. ಎದುರಿಗಿದ್ದವರು, “ನನ್ ಕೆಲ್ಸ ಹೋಯ್ತಲ್ಲೇ,” ಎಂದು ನಕ್ಕರು, ಅತ್ತರು.

ಯುಗಾದಿ ಕಳೆದು ಎಂಟು ದಿನಕ್ಕೆ ಗಿರಣಿಯಲ್ಲಿ ರಾಗಿ ಸುರಿಯುತ್ತಿದ್ದ ಯಜಮಾನರು ಎದೆ ಹಿಡಿದುಕೊಂಡು ಕೂತರು. ತಿಪಟೂರಿನ ಆಸ್ಪತ್ರೆ ತಲುಪುವ ಮುನ್ನವೇ ಹೋಗಿಬಿಟ್ಟರು. ಕಾರಿನಲ್ಲಿ ತಲೆ ನನ್ನ ತೊಡೆಯ ಮೇಲಿತ್ತು. ಕರೆದುಕೋ ಎಂದು ಬೇಡಿದ್ದವಳು ನಾನು. ಶಿವನೇ, ನಿನಗೆ ಆಳು ತಪ್ಪಿತೇ ಎಂದು ಬೈದೆ. ಬೈದದ್ದನ್ನು ಮುಚ್ಚಿಡುವುದಿಲ್ಲ.

ನಮ್ಮಲ್ಲಿ ಹೋದವರನ್ನು ಕೂರಿಸಿ, ಅವರ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಮಣ್ಣು ಮಾಡುತ್ತಾರೆ. ಮರುದಿನ ಸ್ನಾನ ಮಾಡಿಸಿ ನಡುಮನೆಯ ಗೋಡೆಗೆ ಒರಗಿಸಿದ್ದರು. ಅವರ ಎಡಗೈ ಮುಷ್ಟಿಯಾಗಿ ಬಿಗಿದುಕೊಂಡಿತ್ತು. ಅಯ್ಯನವರು ಬೆರಳು ಬಿಡಿಸಲು ನೋಡಿದರು, ಬರಲಿಲ್ಲ. ಯಾರೋ ಬಂದು ಜೋರಾಗಿ ಎಳೆದರು. “ಎಳೀಬ್ಯಾಡಿ! ನಂಗೆ ಬುಡಿ,” ಎಂದು ಕೂಗಿದೆ. ಬಾಯಿ ಮುಚ್ಚಿಸಲು ಬಂದ ನೆಂಟರನ್ನು ತಡೆದವರು ಅದೇ ನಾದಿನಿ. “ಅವ್ಳಿಗೆ ಗೊತ್ತೈತೆ. ಬುಡ್ರಪ್ಪಾ,” ಎಂದರು.

ಕೋಲು ಊರಿಕೊಂಡು ಹೋಗಿ ಪಕ್ಕದಲ್ಲಿ ಕೂತೆ. ಬಿಸಿನೀರಿನ ಬಟ್ಟೆ ಸುತ್ತಿದೆ. ಮೊದಲು ಮಣಿಕಟ್ಟು, ಮೆಲ್ಲಗೆ ಕೆಳಕ್ಕೆ. ಆಮೇಲೆ ಒಂದೊಂದೇ ಬೆರಳು. ಹೆಬ್ಬೆರಳು ಕೊನೆಗೆ. ಬಹಳ ಹೊತ್ತು ಹಿಡಿಯಿತು. ಅಂಗೈ ಬಿಚ್ಚಿಕೊಂಡಿತು. ನನ್ನ ಎಡಗೈಯನ್ನೂ ಹಾಗೆಯೇ ಬಿಡಿಸಿ ಅವರ ಕೈ ಕೆಳಗೆ ಇಟ್ಟೆ, ಬಲಗೈಯಿಂದ ಅವರ ಲಿಂಗ ಕೂರಿಸಿದೆ.

ಆ ಬುಧವಾರವೂ ಹನ್ನೊಂದಕ್ಕೆ ಫೋನು ಬಂತು. ನಡೆದದ್ದನ್ನು ಹೇಳಿದೆ. ಮೇಡಂ ಅಳುವುದು ಕೇಳಿಸಿತು. ಅಂದು ಫೋನು ಕುಕ್ಕಿದ್ದಕ್ಕೆ ಕ್ಷಮೆ ಕೇಳಿದೆ. “ಈ ವಾರ ನಾನೇ ಮಾಡಿದ ಕೆಲಸ ಅದೊಂದೇ,” ಎಂದೆ. ಶೈಲಾ ಅಳುತ್ತಲೇ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದಳು.

ಎಡಗೈ ಇಂದಿಗೂ ಮುಷ್ಟಿಯೇ. ನಾನು ಬೇಡಿದ್ದನ್ನು ಶಿವ ಕೊಡಲಿಲ್ಲ. ಆದರೆ ಒಬ್ಬಳಾಗುವ ದಿನ ಬರುವ ಮುನ್ನವೇ, ನಮ್ಮ ದೇವರ ಹೆಸರೂ ಸರಿಯಾಗಿ ತಿಳಿಯದ ಹುಡುಗಿಯೊಬ್ಬಳ ಬಾಯಲ್ಲಿ ನನಗೆ ಬೇಕಾದದ್ದನ್ನು ಹೇಳಿಸಿದ. ನಿಮ್ಮ ಮನೆಯಲ್ಲಿ ಇಂಥ ಕಾಯಿಲೆಯವರಿದ್ದರೆ ಪ್ರೀತಿಯಿಂದ ಎದುರಿಗೆ ಕೂತುಕೊಳ್ಳಿ, ಕೈ ಮಾತ್ರ ತೊಡೆ ಕೆಳಗಿರಲಿ. ನಾನು ದಿನಾ ಹಲಗೆ, ಟವೆಲು ಇಟ್ಟುಕೊಂಡು ಪೂಜೆಗೆ ಕೂರುತ್ತೇನೆ. ಎದುರಿಗೆ ಅವರ ಮಣೆಯನ್ನೂ ಹಾಕುತ್ತೇನೆ. ಕೊಟ್ಟವನಿಗೆ, ಕಲಿಸಿದವಳಿಗೆ, ಕೈ ಕಟ್ಟಿಕೊಂಡು ಕೂತವರಿಗೆ ಶರಣು.