ಕಿರುಬೆರಳಿಗೆ ಕೊಟ್ಟ ರಜೆ

ಮೊದಲು ಗೊತ್ತಾದದ್ದು ಎಂಟರ್ ಕೀಯಲ್ಲಿ. ಬಲಗೈಯ ಕಿರುಬೆರಳಿಂದ ಅದನ್ನು ಒತ್ತಿದಾಗೆಲ್ಲ ಮೊಣಕೈವರೆಗೆ ಕರೆಂಟು ಹೊಡೆದ ಹಾಗೆ. ಸಾನಪಾಡಾದ ಆಫೀಸಿನಲ್ಲಿ ನನ್ನ ಕೆಲಸ, ಡಾಕ್ಟರುಗಳು ರೆಕಾರ್ಡ್ ಮಾಡಿ ಕಳಿಸಿದ ರಿಪೋರ್ಟುಗಳನ್ನು ಕೇಳಿ ಟೈಪ್ ಮಾಡುವುದು. ಮರಗಟ್ಟುವುದಕ್ಕೆ 'ನಂಬ್‌ನೆಸ್' ಎಂದು ಎಷ್ಟು ಸಲ ಹೊಡೆದಿದ್ದೇನೋ. ಅದು ನನಗೂ ಬರಬಹುದು ಅಂತ ಹೊಳೆದಿರಲಿಲ್ಲ.

ಠಾಣೆ ಊರಿನ ಡಾಕ್ಟರು ಮೊಣಕೈ ತಟ್ಟಿ ನೋಡಿದರು. ಮೊಣಕೈಯಿಂದ ಕಿರುಬೆರಳಿಗೆ ಹೋಗುವ ನರ, ಅಲ್ನರ್ ನರ್ವ್, ಒತ್ತಿಕೊಂಡಿದೆ, ನರ್ವ್ ಟೆಸ್ಟ್ ಮಾಡಿಸಿ ಬನ್ನಿ ಎಂದರು.

ಮಗಳು ಅನುಷಾ ನಾವಿರುವ ಡೊಂಬಿವಲಿಯಲ್ಲೇ ಹುಟ್ಟಿದವಳು, ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ. ಆ ಭಾನುವಾರ, ಆಫೀಸಿಗೆ ಒಯ್ಯುವ ನನ್ನ ಲಿನಕ್ಸ್ ಲ್ಯಾಪ್‌ಟಾಪ್ ಎಳೆದುಕೊಂಡು ಕಪ್ಪು ಪರದೆಯ ಮೇಲೆ ನಾಲ್ಕು ಸಾಲು ಬರೆದಳು. ಸುಮ್ಮನೆ ಬಿದ್ದಿದ್ದ ಕ್ಯಾಪ್ಸ್ ಲಾಕ್ ಬ್ಯಾಕ್‌ಸ್ಪೇಸ್ ಆಯಿತು. ಸ್ಪೇಸ್ ಬಾರಿನ ಬಲಗಡೆಯ ಆಲ್ಟ್ ಎಂಟರ್ ಆಯಿತು, ಹೆಬ್ಬೆರಳಿಂದ ಒತ್ತಿದರೆ ಸಾಕು. ಶಿಫ್ಟ್ ಹಿಡಿದುಕೊಳ್ಳಬೇಕಿಲ್ಲ, ಒಮ್ಮೆ ತಟ್ಟಿದರಾಯಿತು.

"ಬಸ್ ಅಮ್ಮಾ. ಛೋಟಿ ಉಂಗ್ಲಿ ಅಬ್ ರಿಟೈರ್ಡ್."

"ನನಗಿಂತ ಮೊದಲೇ ಕಿರುಬೆರಳಿಗೆ ಪೆನ್ಶನ್ನಾ?" ಅಂದೆ.

ತಿಂಗಳೊಳಗೆ ನೋವು ಹೋಯಿತು. ಟೈಪಿಂಗ್ ಮೊದಲಿಗಿಂತ ಚುರುಕು. ನೌಪಾಡಾದ ಹೋಟೆಲಿನಲ್ಲಿ ಮ್ಯಾನೇಜರ್ ಆಗಿರುವ ನನ್ನ ಯಜಮಾನರು ಎರಡು ಸಲ ಕೇಳಿದರು, "ಟೆಸ್ಟಿನ ಕಥೆ ಎಂತಾಯ್ತು ಮಾರಾಯ್ತಿ?"

"ನೋವೇ ಇಲ್ಲ. ಮತ್ತೆ ಎಂತ ಟೆಸ್ಟು?"

ಐದು ತಿಂಗಳ ಮೇಲೆ ಅಷ್ಟಮಿ ಬಂತು. ಮಾರ್ಕೆಟಿನಿಂದ ಹಲಸಿನ ಎಲೆ ತಂದು ಕಡುಬು ಬೇಯಿಸುವ ಎಲೆಯ ಕೊಟ್ಟೆ ಕಟ್ಟಲು ಕೂತೆ. ನಾಲ್ಕು ಎಲೆ ಜೋಡಿಸಿ ಹಿಡಿಸೂಡಿ ಪೊರಕೆಯ ಕಡ್ಡಿ ಚುಚ್ಚಿ ಬಟ್ಟಲು ಮಾಡುವುದು. ಅತ್ತೆ ಕಲಿಸಿದ್ದು, ಮಾತಾಡುತ್ತಾ ಮಾತಾಡುತ್ತಾ ಮೂವತ್ತು ಕಟ್ಟುತ್ತಿದ್ದೆ. ಈಗ ಎಲೆ ಬೆರಳಿಂದ ಜಾರಿತು. ಮತ್ತೆ ಹಿಡಿದೆ. ಮತ್ತೆ ಜಾರಿತು. ನೋಡಿದರೆ ಎಲೆಯ ಮೇಲೆ ರಕ್ತ. ಕಡ್ಡಿ ಕಿರುಬೆರಳಿಗೆ ಚುಚ್ಚಿತ್ತು.

ನನಗೆ ಗೊತ್ತೇ ಆಗಿರಲಿಲ್ಲ.

ಡಾಕ್ಟರು ನನ್ನ ಬೆರಳುಗಳ ನಡುವೆ ಕಾಗದ ಇಟ್ಟು, ಗಟ್ಟಿ ಹಿಡೀರಿ ಎಂದು ಎಳೆದರು. ಸಲೀಸಾಗಿ ಬಂದುಬಿಟ್ಟಿತು. ಅದೇ ನರ ನಡೆಸುವ, ಹೆಬ್ಬೆರಳ ಪಕ್ಕದ ಮಾಂಸ ಗುಳಿಬಿದ್ದಿರುವುದನ್ನು ತೋರಿಸಿದರು. "ನೋವು ಹೋದದ್ದು ಗುಣವಾಗಿ ಅಲ್ಲ. ನರವೇ ಸೋತಿದೆ."

ಕೀ ಬದಲಾಯಿಸಿದ್ದರಲ್ಲಿ ತಪ್ಪಿರಲಿಲ್ಲ. ದಿನಕ್ಕೆ ಸಾವಿರ ಸಲ ದುಡಿಯುತ್ತಿದ್ದ ಬೆರಳಿಗೆ ಕೆಲಸ ತಪ್ಪಿತು, ನರ ಸೋತು ಅದು ಬಡವಾಗುತ್ತಿರುವುದು ಕೆಲಸವಿಲ್ಲದ್ದರಿಂದಲೇ ನನ್ನ ಕಣ್ಣಿಗೆ ಬೀಳಲಿಲ್ಲ, ಆ ಸುಖವನ್ನೇ ನಾನು ಮದ್ದು ಅಂದುಕೊಂಡೆ.

ಹೊರಗೆ ಬೆಂಚಿನ ಮೇಲೆ ಅನುಷಾ ತಲೆ ತಗ್ಗಿಸಿ ಕೂತಿದ್ದಳು. "ಮೈನೇ ಕಿಯಾ ನಾ ಯೇ?"

"ನೀನು ಮಾಡಿದ್ದಲ್ಲ ಮಗಾ. ಟೆಸ್ಟ್ ತಪ್ಪಿಸಿದ್ದು ನಾನು."

ಮೊಣಕೈಯಲ್ಲಿ ನರ ಬಿಡಿಸುವ ಆಪರೇಷನ್ ಆಗಿ ನಾಲ್ಕು ತಿಂಗಳು. ನನ್ನ ಸೀರೆಗೆ ಪಿನ್ ಹಾಕುವುದು ಅನುಷಾಳೇ. ಆಫೀಸಿನಲ್ಲಿ ಟೈಪಿಂಗ್ ಕೊಡುವುದಿಲ್ಲ, ಬೇರೆಯವರು ಹೊಡೆದದ್ದನ್ನು ಓದಿ ತಿದ್ದುವ ಕೆಲಸ. ಹೋದ ಶಕ್ತಿ ಎಷ್ಟು ವಾಪಸ್ ಬರುತ್ತದೆಂದು ಡಾಕ್ಟರೂ ಹೇಳುವುದಿಲ್ಲ. ಸೂಜಿ ಚುಚ್ಚಿದ ಹಾಗಾದರೆ ಹೆದರಬೇಡಿ, ನರ ಏಳುತ್ತಿರಬಹುದು ಎಂದಷ್ಟೇ ಹೇಳಿದ್ದರು.

ಮೊನ್ನೆ ಬೆಳಿಗ್ಗೆ ಲೋಕಲ್ ಟ್ರೈನಿನಲ್ಲಿ ನಿಂತಿದ್ದಾಗ ಬೆರಳ ತುದಿಯಲ್ಲಿ ಚುಚ್ಚಿತು. ಇನ್ನೊಮ್ಮೆ ಚುಚ್ಚಿತು. ಕಳವಾ ದಾಟಿ ಠಾಣೆ ಬರುವವರೆಗೂ ನೋಯುತ್ತಲೇ ಇತ್ತು. ಗರ್ದಿಯಲ್ಲಿ ಕೈಯನ್ನು ಎದೆಗೊತ್ತಿಕೊಂಡು, ಈ ನೋವು ನಿಲ್ಲದಿರಲಿ ದೇವರೇ ಎಂದು ಬೇಡಿಕೊಂಡೆ.